ಹೆತ್ತವರ ಮಧುಮೇಹ: ಮಕ್ಕಳಿಂದ ಮುಚ್ಚಿಡುವುದೇಕೆ?

ಮದುವೆಯ ಮಾತುಕತೆಗೆ ಕುಳಿತಾಗ ನಾವು ಬೆಡಗು ಯಾವುದು, ಮನೆತನ ಯಾವುದು, ಸೋದರಮಾವಂದಿರ ಊರು ಯಾವುದು ಎಂದು ಮೂರು ತಲೆಮಾರುಗಳನ್ನು ವಿಚಾರಿಸುತ್ತೇವೆ. ಆದರೆ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆಯೆಂಬುದನ್ನು ಮಾತ್ರ ಬಾಯಿಬಿಡುವುದಿಲ್ಲ. ಬಂದ ಸಂಬಂಧ ಕೈತಪ್ಪೀತೆಂಬ ಅಂಜಿಕೆ ನಮ್ಮದು. ಹೊರಗಿನವರ ಮಾತಿರಲಿ, ಹೆತ್ತ ಮಕ್ಕಳಿಗೂ ಅದನ್ನು ತಿಳಿಸದಿರುವುದು ತರವೇ?

ಎರಡನೆಯ ಬಗೆಯ ಮಧುಮೇಹವು ಅಂಟುರೋಗವಲ್ಲ, ಕಳಂಕವೂ ಅಲ್ಲ. ತಾಯಿ ತಂದೆಯರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಇಬ್ಬರಿಗೂ ಇದ್ದರೆ ಇನ್ನೂ ಹೆಚ್ಚು. ಮಕ್ಕಳು ನಮ್ಮಿಂದ ಪಡೆಯುವುದು ವಂಶಗುಣವನ್ನಷ್ಟೇ ಅಲ್ಲ. ಅದೇ ಒಲೆಯ ಅಡುಗೆಯನ್ನು, ಅದೇ ಕುಳಿತು ಕಳೆಯುವ ಅಭ್ಯಾಸವನ್ನು ಸಹ.

ಹಾಗೆಂದು ಇದು ಹಣೆಬರಹವೇನೂ ಅಲ್ಲ. ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಭಾರತೀಯರಿಗಾಗಿಯೇ 100 ಅಂಕಗಳ ಒಂದು ಅಳತೆಗೋಲನ್ನು ರೂಪಿಸಿದರು. ಅದರಲ್ಲಿ ಹೆತ್ತವರೊಬ್ಬರಿಗೆ ಮಧುಮೇಹವಿದ್ದರೆ 10 ಅಂಕ, ಇಬ್ಬರಿಗೂ ಇದ್ದರೆ 20. ವಯಸ್ಸಿಗೆ ಹೆಚ್ಚೆಂದರೆ 30, ಸೊಂಟದ ಸುತ್ತಳತೆಗೆ 20, ದೇಹಶ್ರಮವಿಲ್ಲದ ಬದುಕಿಗೆ 30. ಒಟ್ಟು 60 ಅಥವಾ ಅದಕ್ಕೆ ಮೇಲ್ಪಟ್ಟರೆ ಅಪಾಯ ಅಧಿಕವೆಂದು ತಿಳಿಯಬೇಕು. ವಂಶವನ್ನೂ ವಯಸ್ಸನ್ನೂ ಬದಲಿಸಲು ನಮ್ಮಿಂದಾಗದು. ಆದರೆ ಉಳಿದ 50 ಅಂಕಗಳು ನಮ್ಮ ಕೈಯಲ್ಲಿವೆ.

ಇದು ಬರಿಯ ಸಮಾಧಾನದ ಮಾತಲ್ಲ. ಮಧುಮೇಹದ ಹೊಸ್ತಿಲಲ್ಲಿದ್ದ ಭಾರತೀಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರ ಪೈಕಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂದಿತು. ನಡಿಗೆ ಹಾಗೂ ಆಹಾರದ ಶಿಸ್ತನ್ನು ಪಾಲಿಸುವಂತೆ ಮಾರ್ಗದರ್ಶನ ಪಡೆದವರಲ್ಲಿ ಅದು ಸುಮಾರು 39ಕ್ಕೆ ಇಳಿಯಿತು.

ಆದುದರಿಂದ ಹಿರಿಯರು ತಮ್ಮ ಕಾಯಿಲೆಯನ್ನು ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಮೂವತ್ತು ದಾಟಿದ ಮಕ್ಕಳು ಬರಿಹೊಟ್ಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆಯ ಅಂಶ 100ರಿಂದ 125 ಮಿಲಿಗ್ರಾಂ ಇದ್ದರೆ ಅದು ಎಚ್ಚರಿಕೆಯ ಗಂಟೆ; 126 ಅಥವಾ ಹೆಚ್ಚಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸೊಂಟದ ಸುತ್ತಳತೆಯು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿಗಿಂತ ಕಡಿಮೆ ಇರುವುದು ಲೇಸು.

ಬೆವರು ಸುರಿಸಿ ದುಡಿಯುವುದನ್ನೇ ಕಾಯಕವೆಂದು ಗೌರವಿಸಿದ, ಉಣ್ಣುವ ಅನ್ನವನ್ನು ಪ್ರಸಾದವೆಂದು ಕಂಡು ಮಿತಿಯರಿತು ಸ್ವೀಕರಿಸಿದ ಶರಣರ ಪರಂಪರೆ ನಮ್ಮದು. ಮಕ್ಕಳಿಗೆ ಕಾಯಿಲೆಯ ಎಚ್ಚರವನ್ನು ಕೊಡುವಾಗ, ಆ ಬಾಳಿನ ರೀತಿಯನ್ನೂ ಕೂಡಿಯೇ ಕೊಡೋಣ.