ದಾಂಪತ್ಯದಲ್ಲಿ ನಿರಾಸಕ್ತಿ, ನೋವು: ಹಠವಲ್ಲ, ಚಿಕಿತ್ಸೆ ಇರುವ ತೊಂದರೆ

ಸೊಂಟ ನೋವು, ಬಿಳಿ ಮುಟ್ಟು, ಸುಸ್ತು. ದವಾಖಾನೆಯಲ್ಲಿ ಇಷ್ಟನ್ನೇ ಹೇಳಿ ಚೀಟಿ ಬರೆಸಿಕೊಂಡು ಎದ್ದು ಬರುವ ಮಹಿಳೆಯರು ಬಹಳ. ಪತಿಯೊಂದಿಗೆ ಕೂಡುವಾಗ ನೋವಾಗುತ್ತದೆ, ಅದರಲ್ಲಿ ಆಸಕ್ತಿಯೇ ಉಳಿದಿಲ್ಲ ಎಂಬ ಮಾತು ಬಾಯಿಗೆ ಬರುವುದಿಲ್ಲ. ಜೊತೆಗೆ ಅತ್ತೆಯೋ ನಾದಿನಿಯೋ ಇದ್ದರಂತೂ ಸಾಧ್ಯವೇ ಇಲ್ಲ. ಹೀಗೆ ಮುಚ್ಚಿಟ್ಟ ತೊಂದರೆಗೆ ಮನೆಯಲ್ಲಿ ಬೇರೆಯೇ ಹೆಸರು ಬರುತ್ತದೆ. ‘ಅವಳಿಗೆ ಗಂಡನ ಮೇಲೆ ಮನಸ್ಸಿಲ್ಲ’ ಎನ್ನುತ್ತಾರೆ, ‘ಯಾರೋ ಮಾಟ ಮಾಡಿಸಿದ್ದಾರೆ’ ಎನ್ನುತ್ತಾರೆ. ಮಾತು ತವರಿಗೆ ಮುಟ್ಟುತ್ತದೆ, ಕೆಲವೊಮ್ಮೆ ತಲಾಕಿನವರೆಗೂ ಹೋಗುತ್ತದೆ. ಆದರೆ ಇದರ ಹಿಂದೆ ಹೆಚ್ಚಾಗಿ ಇರುವುದು ಪತ್ತೆ ಹಚ್ಚಬಹುದಾದ, ಚಿಕಿತ್ಸೆ ಇರುವ ಕಾರಣ.

ತೊಂದರೆ ಎಂದರೆ ಏನು?

ವೈದ್ಯರು ಇದನ್ನು ನಾಲ್ಕು ಬಗೆಯಾಗಿ ನೋಡುತ್ತಾರೆ: ಬಯಕೆ ಕುಗ್ಗುವುದು, ದೇಹ ಸ್ಪಂದಿಸದೆ ಒಣಗಿದಂತಿರುವುದು, ತೃಪ್ತಿ ಸಿಗದಿರುವುದು, ನೋವಾಗುವುದು. ಒಂದೆರಡು ವಾರದ ಬೇಸರ ಕಾಯಿಲೆಯಲ್ಲ. ಸುಮಾರು 6 ತಿಂಗಳು ಹಾಗೆಯೇ ಮುಂದುವರಿದು ಆಕೆಯ ಮನಸ್ಸನ್ನೂ ಕಾಡುತ್ತಿದ್ದರೆ ಅದನ್ನು ತೊಂದರೆ ಎನ್ನುತ್ತಾರೆ. ನೋವಿದ್ದರೆ ಮಾತ್ರ ಅಷ್ಟು ದಿನ ಕಾಯಬೇಡಿ.

ದೇಹದ ಕಾರಣಗಳು

ಮೊದಲನೆಯದು ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ. ದಿನವಿಡೀ ಸುಸ್ತಾದ ದೇಹದಲ್ಲಿ ಬಯಕೆ ಎಲ್ಲಿಂದ ಬರಬೇಕು? ಥೈರಾಯ್ಡ್ ಗ್ರಂಥಿ ಮಂದವಾದರೂ ಇದೇ ಸುಸ್ತು, ಇದೇ ನಿರಾಸಕ್ತಿ. ಸಕ್ಕರೆ ಕಾಯಿಲೆ ನರಗಳಿಗೂ ರಕ್ತನಾಳಗಳಿಗೂ ಹಾನಿ ಮಾಡುತ್ತದೆ. ಪದೇ ಪದೇ ತುರಿಕೆ, ಸೋಂಕು ತರುತ್ತದೆ.

ಹೆರಿಗೆಯ ನಂತರದ ದಿನಗಳಿಗೆ ವಿಶೇಷ ಗಮನ ಬೇಕು. ಎದೆಹಾಲು ಉಣಿಸುವಾಗ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಯೋನಿ ಒಣಗುತ್ತದೆ. ನಿಫಾಸಿನ 40 ದಿನ ಮುಗಿಯಿತು, ಗುಸ್ಲ್ ಆಯಿತು ಎಂದ ಮಾತ್ರಕ್ಕೆ ಹೊಲಿಗೆಯ ಗಾಯ ಪೂರ್ತಿ ಮಾಗಿದೆ ಎಂದಲ್ಲ. ಬಾಣಂತಿ ‘ಇನ್ನೂ ನೋವಿದೆ’ ಎಂದರೆ ಆ ಮಾತನ್ನು ನಂಬಬೇಕು. ಮುಟ್ಟು ನಿಲ್ಲುವ ವಯಸ್ಸಿನಲ್ಲಿಯೂ ಇದೇ ಒಣಗುವಿಕೆ ಕಾಣುತ್ತದೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಚಿಕ್ಕ ವಯಸ್ಸಿನಲ್ಲೇ, ಒಮ್ಮೆಲೇ ಬರುತ್ತದೆ.

ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಬಿಪಿಯ ಕೆಲವು ಮಾತ್ರೆಗಳು ಬಯಕೆಯನ್ನು ಕುಗ್ಗಿಸಬಲ್ಲವು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿದರೆ ಬದಲಿಸಿ ಕೊಡುತ್ತಾರೆ.

ಹೊಸ ಮದುಮಗಳ ಭಯ

ನಿಕಾಹ್ ಆಗಿ ತಿಂಗಳುಗಳೇ ಕಳೆದರೂ ಕೆಲವು ದಂಪತಿಗಳಿಗೆ ಸಮಾಗಮ ಸಾಧ್ಯವಾಗುವುದಿಲ್ಲ. ನೋವಿನ ಭಯಕ್ಕೆ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಇದಕ್ಕೆ ವಜೈನಿಸ್ಮಸ್ ಎನ್ನುತ್ತಾರೆ. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ಮುಚ್ಚುತ್ತದಲ್ಲ, ಹಾಗೆಯೇ ಇದು ಆಕೆಯ ಹತೋಟಿಯಲ್ಲಿಲ್ಲ. ಬಲವಂತ ಮಾಡಿದರೆ ಭಯ ಇನ್ನೂ ಹೆಚ್ಚುತ್ತದೆ. ಆಪ್ತ ಸಮಾಲೋಚನೆ ಮತ್ತು ಹಂತ ಹಂತದ ವ್ಯಾಯಾಮದಿಂದ ಹೆಚ್ಚಿನವರು ಗುಣವಾಗುತ್ತಾರೆ.

ಮನಸ್ಸು ಮತ್ತು ಮನೆ

ಖಿನ್ನತೆ, ಮಕ್ಕಳಾಗಿಲ್ಲವೆಂಬ ಚುಚ್ಚುಮಾತು, ಎರಡು ಖೋಲಿಯ ಮನೆಯಲ್ಲಿ ಏಕಾಂತವೇ ಇಲ್ಲದಿರುವುದು, ಹಗಲೆಲ್ಲ ಬೈದು ರಾತ್ರಿ ಹತ್ತಿರ ಬರುವ ಪತಿ, ಇವೆಲ್ಲವೂ ಕಾರಣಗಳೇ. ಪತಿಗೇ ತೊಂದರೆ ಇದ್ದರೂ ಅದರ ಪರಿಣಾಮ ಪತ್ನಿಯಲ್ಲಿ ಕಾಣಬಹುದು. ಆದ್ದರಿಂದ ಇಬ್ಬರೂ ಕೂಡಿ ವೈದ್ಯರ ಬಳಿಗೆ ಹೋಗುವುದು ಉತ್ತಮ.

ಶುಚಿತ್ವ ಅತಿಯಾದಾಗ

ತಹಾರತ್‌ಗೆಂದು ಡೆಟಾಲ್, ಸುವಾಸನೆಯ ಸೋಪು ಹಾಕಿ ಒಳಗಿನಿಂದ ತೊಳೆಯುವವರಿದ್ದಾರೆ. ಯೋನಿಯ ಒಳಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ನಾಶವಾದರೆ ಉರಿ, ಸೋಂಕು, ನೋವು ಶುರುವಾಗುತ್ತವೆ. ಹೊರಭಾಗವನ್ನು ಮಾತ್ರ ಬರೀ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆದರೆ ಸಾಕು.

ಎಲ್ಲಿಗೆ ಹೋಗಬೇಕು?

ಕಿಮ್ಸ್ ಎಂದೇ ಎಲ್ಲರೂ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಸರಕಾರಿ ಆಸ್ಪತ್ರೆಯಲ್ಲಿ, ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗವಿದೆ. ಮಹಿಳಾ ವೈದ್ಯರೇ ಬೇಕೆಂದು ಕೇಳಲು ಹಿಂಜರಿಯಬೇಡಿ. ಖಿನ್ನತೆ, ಭಯ ಕಾಡುತ್ತಿದ್ದರೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೆಯಿಂದಲೇ ಮಾತನಾಡುವುದಾದರೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬಾಯಿಬಿಟ್ಟು ಹೇಳಲಾಗದಿದ್ದರೆ ತೊಂದರೆ ಏನು, ಎಷ್ಟು ತಿಂಗಳಿನಿಂದ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕಾಗದದಲ್ಲಿ ಬರೆದು ಕೊಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆಗಳಿಂದಲೇ ಎಷ್ಟೋ ವಿಷಯ ತಿಳಿಯುತ್ತದೆ. ಹೆಸರಿಲ್ಲದ ಪುಡಿ, ‘ತಾಕತ್ತಿನ’ ಮದ್ದುಗಳಿಗೆ ದುಡ್ಡು ಸುರಿಯಬೇಡಿ. ಕೂಡಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತ ನಂತರ ಮತ್ತೆ ರಕ್ತಸ್ರಾವವಾದರೆ ತಡಮಾಡದೆ ತೋರಿಸಿ. ಅದು ಗರ್ಭಕೋಶದ ಅಥವಾ ಅದರ ಕೊರಳಿನ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು.

ನಾಚಿಕೆ ಈಮಾನಿನ ಭಾಗವೇ ಹೌದು. ಆದರೆ ಉಮ್ಮು ಸುಲೈಮ್(ರ) ಮಹಿಳೆಯರ ಅತ್ಯಂತ ಖಾಸಗಿ ವಿಷಯವೊಂದನ್ನು ಪ್ರವಾದಿ(ಸ)ಯವರಲ್ಲಿ ನೇರವಾಗಿ ಕೇಳಿದರು. ಪ್ರವಾದಿ(ಸ)ಯವರು ನೇರವಾಗಿಯೇ ಉತ್ತರಿಸಿದರು. ಕೇಳಿ ತಿಳಿಯುವುದಕ್ಕೆ ನಾಚಿಕೆ ಅಡ್ಡಿಯಾಗಬಾರದು. ಪತಿಯಂದಿರಿಗೂ ಒಂದು ಮಾತು: ಪತ್ನಿ ‘ಬೇಡ’ ಎಂದಾಗ ಸಂಶಯಪಡುವ ಮೊದಲು ‘ನಿನಗೆ ನೋವಾಗುತ್ತದೆಯೇ?’ ಎಂದು ಕೇಳಿ. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ಆ ಒಂದು ಪ್ರಶ್ನೆಯಿಂದಲೇ ಶುರುವಾಗುತ್ತದೆ.