ಬರಿಗಾಲಿಗೆ ಬೂಟು ಬಂದ ಕತೆ

1948ರ ಜುಲೈ 31. ಲಂಡನ್ ಬಳಿಯ ಇಲ್ಫೋರ್ಡ್ ಮೈದಾನಕ್ಕೆ ಭಾರತದ ಫುಟ್ಬಾಲ್ ತಂಡ ಇಳಿದಾಗ ನೋಡುಗರ ಕಣ್ಣು ಆಟಗಾರರ ಪಾದಗಳ ಮೇಲೇ ನೆಟ್ಟಿತು. ಹನ್ನೊಂದು ಮಂದಿಯಲ್ಲಿ ಎಂಟು ಮಂದಿಗೆ ಬೂಟಿರಲಿಲ್ಲ. ಎದುರಿಗಿದ್ದದ್ದು ಫ್ರಾನ್ಸ್.

ಮೊದಲ ಗೋಲು ಫ್ರಾನ್ಸಿನದು. ಭಾರತಕ್ಕೆ ಒಂದಲ್ಲ, ಎರಡು ಪೆನಾಲ್ಟಿ ಸಿಕ್ಕವು. ಸೈಲೇನ್ ಮನ್ನಾ ಒದ್ದದ್ದು ಗೋಲಾಗಲಿಲ್ಲ, ಮಹಾವೀರ ಪ್ರಸಾದ್ ಒದ್ದದ್ದೂ ಆಗಲಿಲ್ಲ. ಕೊನೆಗೆ 70ನೇ ನಿಮಿಷದಲ್ಲಿ ಮೈಸೂರು ತಂಡದ ಎಸ್. ರಾಮನ್ ಒದ್ದ ಚೆಂಡು ಬಲೆ ಸೇರಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಫುಟ್ಬಾಲ್ ಗೋಲು ಅದು! ಸಮಬಲವೆಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ, 89ನೇ ನಿಮಿಷಕ್ಕೆ ಫ್ರಾನ್ಸ್ ಮತ್ತೊಂದು ಹೊಡೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬರಿಗಾಲಿನ ಮೇಲೆ ಆಗ ಇಡೀ ದೇಶಕ್ಕೆ ಅಭಿಮಾನವಿತ್ತು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಕ್ಲಬ್ಬು ಬಹುಪಾಲು ಬರಿಗಾಲಲ್ಲೇ ಆಡಿ, ಬ್ರಿಟಿಷ್ ಪಡೆಯ ತಂಡವನ್ನು ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದಿತ್ತು. ಆ ನೆನಪನ್ನು ಬಿಟ್ಟುಕೊಡುವ ಮನಸ್ಸು ಯಾರಿಗಿತ್ತು?

ಆದರೆ ಬರಿಗಾಲಿನ ತೊಡಕಿಗೆ ಉತ್ತರ ಅದೇ ಕಲ್ಕತ್ತೆಯಲ್ಲಿ ಆಗಲೇ ಸಿಕ್ಕಿತ್ತು. ಅಲ್ಲಿನ ಲೀಗ್ ನಡೆಯುತ್ತಿದ್ದದ್ದು ಮಳೆಗಾಲದಲ್ಲಿ. ಕೆಸರಲ್ಲಿ ಬರಿಗಾಲು ಜಾರುವುದನ್ನು ಕಂಡ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬು ಒದ್ದೆ ನೆಲದ ಆಟಕ್ಕೆಂದೇ ಹಗುರ ಬೂಟು ತೊಡಿಸಿತು. ಬೆಂಗಳೂರೂ ಸೇರಿ ದೂರದೂರುಗಳಿಂದ ಆಟಗಾರರನ್ನು ಆರಿಸಿ ಕರೆತಂದಿತು. ಮುಂದೆ ಬೆಳೆದ ವೃತ್ತಿಪರ ಆಟದ ಮೊಳಕೆ ಇಲ್ಲೇ ಇತ್ತೆನ್ನಬಹುದು. 1934ರಿಂದ 1938ರವರೆಗೆ ಸತತ ಐದು ವರ್ಷ ಲೀಗ್ ಅದರದೇ. ಆ ಕ್ಲಬ್ಬನ್ನು 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ಸೋಲಿಸಿದ್ದು ಬೆಂಗಳೂರು ಮುಸ್ಲಿಮ್ಸ್. ಕಪ್ಪಿನ ಸುದ್ದಿ ಊರೂರಿಗೆ ಹೋಯಿತು, ಬೂಟಿನ ಪಾಠ ಹೋಗಲಿಲ್ಲ.

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಚಿನ್ನ ಬಂದಾಗಲಂತೂ ಬೂಟಿನ ಮಾತೆತ್ತುವವರೇ ಇರಲಿಲ್ಲ. ಮರುವರ್ಷ ಜುಲೈ 15, ಹೆಲ್ಸಿಂಕಿ ಒಲಿಂಪಿಕ್ಸ್. ಎದುರಾಳಿ ಯುಗೊಸ್ಲಾವಿಯ. ನಮ್ಮವರಲ್ಲಿ ಬಹುತೇಕರು ಮತ್ತೆ ಬರಿಗಾಲಲ್ಲೇ ಇಳಿದರು. ಒಂದರ ಮೇಲೊಂದು ಹತ್ತು ಗೋಲು ಬಿದ್ದವು. ಅಷ್ಟಾದರೂ ಎದೆಗುಂದದೆ, ಆಟ ಮುಗಿಯುವ ಹೊತ್ತಿಗೆ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆ ಛಲಕ್ಕೆ ಎಷ್ಟು ಗೌರವ ಕೊಟ್ಟರೂ ಕಡಿಮೆಯೇ.

ಆ ಸೋಲಿನ ನಂತರ ಫುಟ್ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ಕಾರಣ ಸರಳ. ಒಣ ನೆಲದಲ್ಲಿ ಚೆಂಡಿನ ಮೇಲೆ ಬರಿಪಾದಕ್ಕೆ ಒಳ್ಳೆಯ ಹಿಡಿತವಿರುತ್ತದೆ. ನೆಲ ಒದ್ದೆಯಾದರೆ ಅಂಗಾಲು ಜಾರುತ್ತದೆ. ಆಗಿನ ಚರ್ಮದ ಚೆಂಡೋ ನೀರು ಕುಡಿದು ಭಾರವಾಗುತ್ತಿತ್ತು. ಬೂಟಿನ ಅಡಿಯ ಗುಬುಟುಗಳು ಮಣ್ಣಿಗೆ ಕಚ್ಚಿಕೊಳ್ಳುವುದರಿಂದ ಕಾಲು ನೆಲೆ ನಿಲ್ಲುತ್ತದೆ, ಒದೆತಕ್ಕೆ ಬಲ ಸಿಗುತ್ತದೆ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಬೂಟು ತೊಟ್ಟ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ, ನಾಲ್ಕನೇ ಸ್ಥಾನ ಪಡೆಯಿತು.