ಮಲೇರಿಯಾ: ಹೆಸರಿನಲ್ಲಿ ಉಳಿದ ಕೆಟ್ಟ ಗಾಳಿ

'ಮಲೇರಿಯಾ' ಎಂಬುದು ಇಟಲಿ ಭಾಷೆಯಿಂದ ಬಂದ ಶಬ್ದ. 'ಮಾಲಾ' ಎಂದರೆ ಕೆಟ್ಟ, 'ಆರಿಯಾ' ಎಂದರೆ ಗಾಳಿ. ಮಲೆನಾಡಿನಲ್ಲಿ ಈ ಜ್ವರದ ಹಾವಳಿ ಬಹುಕಾಲ ಇದ್ದುದರಿಂದ ಕನ್ನಡದ ಕಿವಿಗೆ ಅದರಲ್ಲಿ 'ಮಲೆ' ಕೇಳಿಸಬಹುದು. ಆದರೆ ಎರಡಕ್ಕೂ ಸಂಬಂಧವಿಲ್ಲ. ಕನ್ನಡಿಗರು ರೋಗವನ್ನು ಅದರ ಲಕ್ಷಣದಿಂದ ಗುರುತಿಸಿ 'ಚಳಿಜ್ವರ' ಎಂದರು. ಇಟಲಿಯವರು ತಾವು ಊಹಿಸಿದ ಕಾರಣವನ್ನೇ ಹೆಸರಾಗಿಸಿದರು.

ಆ ಊಹೆಗೆ ಆಧಾರವಿಲ್ಲದಿರಲಿಲ್ಲ. ರೋಮ್ ನಗರದ ಸುತ್ತಣ ಜೌಗು ನೆಲದಲ್ಲಿ ಬೇಸಿಗೆ ಬಂತೆಂದರೆ ಜ್ವರ ಹರಡುತ್ತಿತ್ತು. ಕೊಳೆತ ನೀರಿನಿಂದೇಳುವ ವಿಷವಾಯುವೇ ಇದಕ್ಕೆ ಮೂಲವೆಂದು ಜನರೂ ವೈದ್ಯರೂ ನಂಬಿದ್ದರು. ಜೌಗನ್ನು ಬತ್ತಿಸಿದಲ್ಲಿ ಜ್ವರ ಇಳಿಯುತ್ತಿದ್ದುದರಿಂದ ನಂಬಿಕೆ ಮತ್ತಷ್ಟು ಬಲಿಯಿತು. ಉಪಾಯ ಸರಿಯಾಗಿತ್ತು, ಕಾರಣ ತಪ್ಪಾಗಿತ್ತು.

1880ರಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಗಳ ರಕ್ತದಲ್ಲಿ ಒಂದು ಪರಾವಲಂಬಿ ಜೀವಿಯನ್ನು ಕಂಡರು. ಅದು ಒಬ್ಬರಿಂದ ಒಬ್ಬರಿಗೆ ಸಾಗುವ ಬಗೆ ಮಾತ್ರ ತಿಳಿಯಲಿಲ್ಲ. ಸೊಳ್ಳೆಯನ್ನು ಶಂಕಿಸಿದವರು ಪ್ಯಾಟ್ರಿಕ್ ಮ್ಯಾನ್ಸನ್. ಆ ಶಂಕೆಯನ್ನು ಪರೀಕ್ಷೆಗೆ ಒಡ್ಡಿದವರು ಸಿಕಂದರಾಬಾದಿನ ದಂಡಿನಲ್ಲಿದ್ದ ವೈದ್ಯ ರೊನಾಲ್ಡ್ ರಾಸ್. 1895ರಿಂದ ಅವರು ಸೀಳಿ ನೋಡಿದ ಸೊಳ್ಳೆಗಳಲ್ಲಿ ಏನೂ ದೊರೆಯಲಿಲ್ಲ, ಏಕೆಂದರೆ ಅವು ಬೇರೆ ಜಾತಿಯವು. ಸೀಳಿದ ಸೊಳ್ಳೆ ಹಾರಿಹೋದೀತೆಂದು ಸೆಕೆಯಲ್ಲೂ ಪಂಕಾ ಬೀಸಿಸದೆ ಅವರು ಕೆಲಸ ಮಾಡಿದರು. ಕೊನೆಗೆ ಚುಕ್ಕೆರೆಕ್ಕೆಯ ಸೊಳ್ಳೆಗಳು ಸಿಕ್ಕವು. ಹುಸೇನ್ ಖಾನ್ ಎಂಬ ರೋಗಿ ಕಡಿತಕ್ಕೆ ಒಂದಾಣೆಯಂತೆ ಪಡೆದು ಅವುಗಳಿಗೆ ಮೈಯೊಡ್ಡಿದನು. 1897ರ ಆಗಸ್ಟ್ 20ರಂದು ಅಂತಹ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ, ಮಲೇರಿಯಾಕ್ಕೇ ವಿಶಿಷ್ಟವಾದ ಕಪ್ಪು ಕಣಗಳುಳ್ಳ ದುಂಡು ಕೋಶಗಳು ರಾಸ್ ಅವರ ಕಣ್ಣಿಗೆ ಬಿದ್ದವು.

ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಸೊಳ್ಳೆ ಹರಡುವ ಪೂರ್ಣ ಕ್ರಮವನ್ನು ಅವರು ತೋರಿಸಿಕೊಟ್ಟರು. ಮನುಷ್ಯರಲ್ಲಿ ಅನಾಫಿಲಿಸ್ ಸೊಳ್ಳೆಯೇ ವಾಹಕವೆಂದು ಸಾಧಿಸಿದವರು, ಆ ಶಬ್ದವನ್ನು ಕೊಟ್ಟ ಇಟಲಿಯ ವಿಜ್ಞಾನಿಗಳೇ. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರು ಕೆಲಸ ಮಾಡಿದ ಕಟ್ಟಡಕ್ಕೆ ಇಂದು ಅವರದೇ ಹೆಸರಿದೆ.

ಗಾಳಿಯ ಅಪವಾದ ನೀಗಿತಾದರೂ ದುರ್ವಾಸನೆಯಿರುವಲ್ಲಿಯೇ ಮಲೇರಿಯಾ ಇರುವುದೆಂಬ ಭಾವನೆ ಇನ್ನೂ ಪೂರ್ತಿ ಅಳಿದಿಲ್ಲ. ನಗರಗಳಲ್ಲಿ ಈ ರೋಗವನ್ನು ಹರಡುವ ಅನಾಫಿಲಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ನಾರುವ ಚರಂಡಿಯಲ್ಲಲ್ಲ. ಬಾವಿ, ಮಾಳಿಗೆಯ ಮೇಲಿನ ತೊಟ್ಟಿ, ಕಟ್ಟಡ ಕಟ್ಟುವಲ್ಲಿ ನಿಲ್ಲಿಸಿದ ನೀರು ಮೊದಲಾದ ತಿಳಿನೀರಿನಲ್ಲಿ. ಆದುದರಿಂದ ತೊಟ್ಟಿಗಳನ್ನು ಬಿಗಿಯಾಗಿ ಮುಚ್ಚಿರಬೇಕು. ಮುಚ್ಚಲಾಗದವನ್ನು ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸಬೇಕು. ಚಳಿ ಹಿಡಿದು ಜ್ವರ ಬಂದಾಗ ತಡಮಾಡದೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.